ಕೂಸಿನ ಹೆಸರಿನ ನೀರು

ಬಸವನಹುಳವನ್ನು ಗುರುತಿಸುವುದಕ್ಕೆ ಒಂದು ಕ್ರಮವಿದೆ. ಚಿಪ್ಪಿನ ಚೂಪು ತುದಿ ಮೇಲಕ್ಕಿರಬೇಕು, ಬಾಯಿ ನಮ್ಮ ಕಡೆ ಇರಬೇಕು. ಹಾಗೆ ಹಿಡಿದಾಗ ಬಾಯಿ ಬಲಕ್ಕೆ ಬಂತೋ ಎಡಕ್ಕೆ ಬಂತೋ ನೋಡಬೇಕು. ಆಮೇಲೆ ಬಾಯಿಗೆ ಮುಚ್ಚಳ ಇದೆಯೋ ಇಲ್ಲವೋ ನೋಡಬೇಕು. ಮುಚ್ಚಳ ಇದ್ದದ್ದು ಮುಟ್ಟಿದ ಕೂಡಲೇ ಒಳಗೆ ಸರಿದು ಬಾಗಿಲು ಹಾಕಿಕೊಳ್ಳುತ್ತದೆ. ಇಲ್ಲದ್ದು ಎಷ್ಟು ಒಳಗೆ ಸರಿದರೂ ಕಾಣುತ್ತಲೇ ಇರುತ್ತದೆ. ಇದನ್ನು ನಾನು ಕಲಿತದ್ದು ಜಮಖಂಡಿಯ ನಮ್ಮ ಬಾಡಿಗೆ ಮನೆಯ ತೋಟದಲ್ಲಿ, ಹೊಂಡದ ಕಟ್ಟೆಯ ಮೇಲೆ ಅಕ್ಕನ ಪಕ್ಕ ಕುಳಿತು. ಆಗ ಅಕ್ಕನ ಮಗಳು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು.

ಆ ಮನೆ ಸಂಸ್ಥಾನದ ಕಾಲದ ಅಧಿಕಾರಿಯೊಬ್ಬರದು. ಸಂಸ್ಥಾನ ಮುಂಬಯಿ ರಾಜ್ಯದೊಳಗೆ ಸೇರಿಹೋದ ಮೇಲೆ ಅವರು ಪುಣೆಗೆ ಹೋಗಿ ನೆಲೆಸಿದರು. ಊರಲ್ಲಿ ಹಾಗೆ ಖಾಲಿಯಾದ ದೊಡ್ಡ ಮನೆಗಳು ಹಲವಿದ್ದವು. ಬಾಡಿಗೆಗೆ ಹಿಡಿಯುವವರು ಕಡಿಮೆ. ನಮ್ಮದು ಊರಿನ ಅಂಚಿಗಿತ್ತು. ಹಿಂದೆ ತೋಟ, ತೋಟದಲ್ಲಿ ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿ, ಬಾವಿಯಿಂದ ಕಲ್ಲಿನ ಕಾಲುವೆ, ಕಾಲುವೆಯ ಕೊನೆಗೆ ಇಟ್ಟಿಗೆ ಗಾರೆಯ ಹೊಂಡ. ಹೊಂಡದಲ್ಲಿ ತಾವರೆ. ಹೊಂಡದ ಆಚೆಗೆ ಗೋಡೆ, ಗೋಡೆಯ ಆಚೆಗೆ ಇಳಿಜಾರಿನ ಬಯಲು.

ಅಕ್ಕ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುದ್ದಿ ಕಳಿಸುತ್ತಿದ್ದೆ. ಅದಕ್ಕೂ ಮೊದಲು ಅದೇ ಪತ್ರಿಕೆಯ ಅಚ್ಚುಮನೆಯಲ್ಲಿ ಮೊಳೆ ಜೋಡಿಸುವವರ ಪಕ್ಕ ಕುಳಿತು ಕೆಲಸ ಕಲಿತಿದ್ದೆ. ಅಲ್ಲಿ ಅಕ್ಷರಗಳೆಲ್ಲ ತಲೆಕೆಳಗಾಗಿ ಇರುತ್ತವೆ. ಹಾಗೇ ಓದುವುದು ರೂಢಿಯಾಗುತ್ತದೆ. ಪತ್ರಿಕೆಯನ್ನು ತಿರುಗಿಸಿ ಹಿಡಿದರೂ ತಡವರಿಸದೆ ಓದುತ್ತಿದ್ದೆ. ಸೋದರಸೊಸೆಗೆ ಅದು ಜಗತ್ತಿನ ದೊಡ್ಡ ವಿದ್ಯೆಯಾಗಿ ಕಂಡಿತ್ತು. ಮನೆಗೆ ಯಾರೇ ಬರಲಿ, ಪತ್ರಿಕೆಯನ್ನು ತಂದು ಉಲ್ಟಾ ಹಿಡಿದು ನನ್ನ ಮುಂದೆ ನಿಲ್ಲುತ್ತಿದ್ದಳು. ನಾನು ಓದಿ ಮುಗಿಸಿದ ಮೇಲೆ ಬಂದವರ ಮುಖ ನೋಡುತ್ತಿದ್ದಳು.

ಹೊಂಡದ ಬಸವನಹುಳಗಳು ಅವಳು ಕೂಡಿಸಿದವು. ಸಾಲೆಯ ಸೂಟಿ ಇದ್ದಾಗ ನಾನು ಸುದ್ದಿಗೆ ಹೋದಲ್ಲಿಗೆ ಅವಳೂ ಬರುತ್ತಿದ್ದಳು. ಅವಳ ಕೈಯಲ್ಲಿ ಒಂದು ಹಿತ್ತಾಳೆಯ ಡಬ್ಬಿ. ಮುಧೋಳದಲ್ಲಿ ಘಟಪ್ರಭೆಯ ದಂಡೆ, ಬೀಳಗಿಯಲ್ಲಿ ಹಳೆಯ ಮೆಟ್ಟಿಲ ಬಾವಿ, ರಬಕವಿಯಲ್ಲಿ ಕೃಷ್ಣೆಯ ಕೆಸರು. ನಾನು ಯಾರದೋ ಜೊತೆ ಮಾತಾಡಿ ಬರುವಷ್ಟರಲ್ಲಿ ಅವಳ ಲಂಗದ ಅಂಚು ತೊಯ್ದು ಡಬ್ಬಿ ತುಂಬಿರುತ್ತಿತ್ತು. ತಾವರೆಯ ಗಡ್ಡೆಯ ಜೊತೆ, ಜೊಂಡಿನ ಜೊತೆ ತಾವಾಗಿ ಬಂದವೂ ಇರಬಹುದು. ಯಾವುದು ಎಲ್ಲಿಂದ ಬಂತು ಎಂದು ಈಗ ಖಚಿತವಾಗಿ ಹೇಳಲಾಗದು.

ಅವಳೇ ಅವಕ್ಕೆ ಹೆಸರಿಟ್ಟಿದ್ದಳು. ಎಲ್ಲಕ್ಕಿಂತ ದೊಡ್ಡದು, ದುಂಡಗೆ ಲಿಂಬೆಹಣ್ಣಿಗಿಂತ ದಪ್ಪಗಾಗುವಂಥದ್ದು, ಅದು ಗೌಡ. ಮುಟ್ಟಿದರೆ ಬಾಗಿಲು ಹಾಕಿಕೊಂಡು ಕೂರುವುದರಿಂದ ಆ ಹೆಸರು. ಮೈಮೇಲೆ ಪಟ್ಟೆ ಇದ್ದದ್ದು ರಬಕವಿಯ ಸೀರೆಯವ್ವ. ಉದ್ದಕ್ಕೆ, ಸಣ್ಣಗೆ, ಚೂಪಗಿದ್ದದ್ದು ದಬ್ಬಣ. ಚಪ್ಪಟೆಯಾಗಿ ಸುತ್ತಿಕೊಂಡದ್ದು ಚಕ್ಕಲಿ. ಐದನೆಯದು ತೆಳ್ಳಗೆ, ಹಳದಿ ಬಣ್ಣದ್ದು, ಬೆಳಕಿಗೆ ಹಿಡಿದರೆ ಒಳಗಿನ ಜೀವ ಕಾಣುವಂಥದ್ದು. ಗಾಳಿ ಇಲ್ಲದ ಹೊತ್ತಿನಲ್ಲಿ ಅದು ನೀರಿನ ಮೇಲ್ಮೈಗೆ ಒಳಗಿನಿಂದ ಅಂಟಿಕೊಂಡು, ಚಿಪ್ಪು ಕೆಳಗೆ, ಹೊಟ್ಟೆ ಮೇಲೆ ಮಾಡಿ ನಡೆಯುತ್ತದೆ. ನಾವು ಚಾವಣಿಯ ಮೇಲೆ ತಲೆಕೆಳಗಾಗಿ ನಡೆದ ಹಾಗೆ.

"ಮಾಮಾ, ಇದು ನಿನ್ನಂಗ ನೋಡ. ಉಲ್ಟಾನ ಓದತೈತಿ," ಎಂದಿದ್ದಳು.

ಅದಕ್ಕೆ ಉಲ್ಟಾ ಮಾಮಾ ಎಂದೇ ಹೆಸರಾಯಿತು. ಆ ಹೆಸರಿನಿಂದ ಅಕ್ಕ ನನ್ನನ್ನೂ ಕೆಲವು ದಿನ ಚೇಷ್ಟೆ ಮಾಡಿದಳು. ಊಟಕ್ಕೆ ಕರೆಯುವಾಗ, "ನಿಮ್ಮ ಉಲ್ಟಾ ಮಾಮಾ ಎದ್ದಾನೇನ ನೋಡು," ಎನ್ನುತ್ತಿದ್ದಳು.

ಮಳೆಗಾಲದ ಕೊನೆಗೆ ಹುಡುಗಿಗೆ ವಿಷಮಜ್ವರ ಬಂತು. ಊರಿನ ವೈದ್ಯರು ಮಾಡುವುದನ್ನು ಮಾಡಿದರು. ಮಿರಜದ ದವಾಖಾನೆಗೆ ಒಯ್ಯಬೇಕೆಂದು ಗಾಡಿ ಹೇಳಿದ್ದೆವು. ಗಾಡಿ ಬಂದಾಗ ಒಯ್ಯುವ ಪ್ರಸಂಗ ಉಳಿದಿರಲಿಲ್ಲ. ಅವಳಿಗೆ ಏಳು ತುಂಬಿ ಎಂಟು ನಡೆಯುತ್ತಿತ್ತು.

ನಮ್ಮ ಕಡೆ ಸತ್ತವರ ಹೆಸರಿನಲ್ಲಿ ನೀರು ಇಡುವ ಪದ್ಧತಿ ಇದೆ. ಉಳ್ಳವರು ಬೇಸಿಗೆಗೆ ಅರವಟ್ಟಿಗೆ ಹಾಕಿಸುತ್ತಾರೆ, ದಾರಿಯ ಬದಿಗೆ ದನ ಕುಡಿಯುವ ಕಲ್ಲಿನ ದೋಣಿ ಇಡಿಸುತ್ತಾರೆ. ಹೋದ ಜೀವ ಬಾಯಾರಬಾರದು ಎಂಬುದು ಅದರ ಹಿಂದಿನ ಮಾತು. ಒಮ್ಮೆ ಇಟ್ಟ ನೀರನ್ನು ಇಟ್ಟವರು ತೆಗೆಯಬಾರದು. ಆ ನೀರಿಗೆ ಕರೆದರೆ ಕರೆಸಿಕೊಂಡವರು ಒಲ್ಲೆ ಎನ್ನಬಾರದು. ಹಿರಿಯರು ಅಕ್ಕನಿಗೂ ದೋಣಿ ಇಡಿಸಲು ಹೇಳಿದರು. ಅಕ್ಕ ಹೊಸ ಕಲ್ಲು ಬೇಡ ಎಂದಳು. ಮಗಳು ದಿನಾ ಕೂತಿದ್ದ ಹೊಂಡ ಇದೆ, ಅದರ ನೀರೇ ಇರಲಿ ಎಂದಳು. ಮಾಲೀಕರಿಗೆ ಬರೆದು ಕೇಳಿ, ಹೊಂಡದ ಹಿಂದಿನ ಗೋಡೆ ಒಡೆಸಿ, ಬಯಲಿನ ಕಡೆಗೆ ಇಳಿಯಲು ದಾರಿ ಮಾಡಿಸಿದಳು. ಹೆಚ್ಚಾದ ನೀರು ಹೊರಗೆ ಹರಿದು ಅಲ್ಲಿ ಒಂದು ತಗ್ಗಿನಲ್ಲಿ ನಿಲ್ಲತೊಡಗಿತು. ಬೇಸಿಗೆಯಲ್ಲೂ ಅಲ್ಲಿ ಹಸಿರು ಹುಲ್ಲು.

ಬಯಲಿನಲ್ಲಿ ಪ್ರತಿವರ್ಷ ಬಂದು ಹಟ್ಟಿ ಹಾಕುವ ಒಂದು ಕುರಿಗಾರರ ಮನೆತನವಿತ್ತು. ಬೀರೇಶ್ವರನ ಒಕ್ಕಲು. ಸುತ್ತಿನ ಹೊಲದವರು ಗೊಬ್ಬರಕ್ಕಾಗಿ ಅವರ ಹಿಂಡನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಮನೆತನದ ಹಿರಿಯ ಒಬ್ಬ ಮುದುಕ, ಹೆಗಲ ಮೇಲೆ ಯಾವಾಗಲೂ ಕಂಬಳಿ. ಅಕ್ಕ ಸ್ವತಃ ಹೋಗಿ ಅವನನ್ನು ಕರೆದಳು. ಅವನು ಹಿಂಡಿನೊಂದಿಗೆ ಬಂದು, ಹೊಂಡದ ಅಂಚುಗಲ್ಲಿಗೆ ಅರಿಸಿನದ ಭಂಡಾರ ಹಚ್ಚಿ, ಕೈಮುಗಿದು, ಆಮೇಲೆ ಕುರಿಗಳನ್ನು ಬಿಟ್ಟ. ಅವು ಸಾಲಾಗಿ ತಲೆ ಬಗ್ಗಿಸಿ ಕುಡಿದವು. ಆ ದಿನ ಅಕ್ಕ ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡಳು.

ಅಲ್ಲಿಂದ ದಿನಾ ಹೊತ್ತು ಇಳಿಯುವ ಮುಂಚೆ ಹಿಂಡು ಬರುವುದು ರೂಢಿಯಾಯಿತು. ಅಕ್ಕ ಸಾಲೆಯಿಂದ ಬಂದು ಸೀರೆ ಕೂಡ ಬದಲಿಸದೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮುದುಕ ನನ್ನನ್ನು ಕಂಡರೆ, "ಪೇಪರಿನ ಸಾಹೇಬ್ರ, ಇವತ್ತ ಯಾವ ಸುಳ್ಳ ಬರದ್ರಿ?" ಎಂದು ಕೇಳುತ್ತಿದ್ದ. ಅವನ ಹಿಂಡಿನಲ್ಲಿ ಒಂದು ಕೊಂಬು ಮುರಿದ ಟಗರು ಇತ್ತು. ಯಾವಾಗಲೂ ಎಲ್ಲಕ್ಕಿಂತ ಮೊದಲು ನುಗ್ಗಿ ಕುಡಿಯುತ್ತಿತ್ತು. ಮುದುಕ ಅದನ್ನು ತಾಲೂಕು ಕಚೇರಿಯ ಸಾಹೇಬನೆಂಬಂತೆ ಮಾಮಲೇದಾರ ಎಂದು ಬೈಯುತ್ತಿದ್ದ. ಅಕ್ಕ ನಗುತ್ತಿದ್ದಳು.

ಮರುವರ್ಷ ಮಳೆ ಮುಗಿದು ಹಿಂಡು ತಿರುಗಿ ಬಂದಾಗ ಕುರಿಗಳು ಸೊರಗಿದ್ದವು. ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು. ಕೆಲವಕ್ಕೆ ಉಣ್ಣೆ ಹಿಡಿದರೆ ಕೈಗೇ ಬರುತ್ತಿತ್ತು. ನಡೆಯುವಾಗ ಹಿಂದೆ ಬೀಳುತ್ತಿದ್ದವು. ಆಮೇಲೆ ಒಂದೊಂದೇ ಸಾಯತೊಡಗಿದವು. ಮುದುಕ ದೇವರಿಗೆ ಹರಕೆ ಹೊತ್ತು ಒಂದು ಟಗರು ಕಡಿಸಿದ. ಅದರ ಯಕೃತ್ತನ್ನು ಕೊಯ್ದಾಗ ಒಳಗೆ ಎಲೆಯ ಆಕಾರದ, ಚಪ್ಪಟೆಯಾದ ಹುಳಗಳು ಇದ್ದವು. ದೇವರಿಗೆ ಕೊಟ್ಟ ಪ್ರಾಣಿಯಲ್ಲಿ ಹೀಗೆ ಕಂಡಿತೆಂದು ಹಟ್ಟಿಯಲ್ಲಿ ಎಲ್ಲರೂ ಹೆದರಿದರು. ಆ ಟಗರು ಮಾಮಲೇದಾರ ಎಂದು ನನಗೆ ಆಮೇಲೆ ಗೊತ್ತಾಯಿತು.

ನಾನು ಹೋಗಿ ದನದ ಡಾಕ್ಟರನ್ನು ಕರೆತಂದೆ. ಗದಗದ ಕಡೆಯವರು, ಜಮಖಂಡಿಗೆ ವರ್ಗವಾಗಿ ಬಂದು ಬಹಳ ದಿನ ಆಗಿರಲಿಲ್ಲ. ಉಪ್ಪಿನ ನೀರಿನಲ್ಲಿ ಇಟ್ಟಿದ್ದ ಯಕೃತ್ತಿನ ತುಂಡನ್ನು ನೋಡಿದ ಕೂಡಲೇ ಅವರು ಕೇಳಿದ ಪ್ರಶ್ನೆ, ಕುರಿಗಳು ಎಲ್ಲೆಲ್ಲಿ ನೀರು ಕುಡಿಯುತ್ತವೆ ಎಂಬುದು. ಮುದುಕ ಹೇಳುತ್ತ ಹೋದ. ಚಿಮ್ಮಡದ ಹಳ್ಳ. ಹಿಪ್ಪರಗಿಯ ಕಡೆ ಹೊಳೆ. ದಾರಿಯಲ್ಲಿ ಸಿಗುವ ಎರಡು ಕೆರೆ. ಬನಹಟ್ಟಿಯ ಹತ್ತಿರ ಒಂದು ಬಾವಿಯ ದೋಣಿ. ಹೇಳಿ ಮುಗಿಸಿ ಕಂಬಳಿ ಸರಿಮಾಡಿಕೊಂಡ.

ಅವನು ದಿನಾ ಬರುವ ಜಾಗ ಆ ಮಾತಿನಲ್ಲಿ ಇರಲಿಲ್ಲ. ನಾನು ಅದನ್ನು ಗಮನಿಸಿದೆ. ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ, ಪಕ್ಕದಲ್ಲಿ ನಿಂತಿದ್ದ ಅಕ್ಕ ಬಾಯಿ ತೆರೆದಳು.

"ನಮ್ಮ ಹೊಂಡಾನೂ ಐತ್ರಿ," ಎಂದಳು.

ಮುದುಕ ನೆಲ ನೋಡಿದ.

ಡಾಕ್ಟರು ಹೊಂಡಕ್ಕೆ ಬಂದು, ಧೋತರ ಮೇಲಕ್ಕೆ ಕಟ್ಟಿ, ಕಟ್ಟೆಯ ಮೇಲೆ ಮಂಡಿಯೂರಿ ನೀರೊಳಗೆ ಕೈಯಾಡಿಸಿದರು. ಅವರು ತಿಳಿಸಿದ್ದು ಇಷ್ಟು. ರೋಗದ ಹುಳದ ತತ್ತಿ ಕುರಿಯ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಅದು ಒಡೆದು ಒಂದು ಜಾತಿಯ ಬಸವನಹುಳದ ಮೈಯೊಳಗೆ ಸೇರಿ ಅಲ್ಲಿ ಬೆಳೆಯುತ್ತದೆ. ಅಲ್ಲಿಂದ ಹೊರಗೆ ಬಂದು ಹಸಿ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ತಿಂದ ಕುರಿಗೆ ರೋಗ. ಕುರಿಯಿಂದ ಬಸವನಹುಳಕ್ಕೆ, ಬಸವನಹುಳದಿಂದ ಕುರಿಗೆ. ನಡುವಿನ ಆ ಜಾತಿ ಇಲ್ಲದಿದ್ದರೆ ಈ ಸುತ್ತು ಮುರಿದುಹೋಗುತ್ತದೆ. ರೋಗವನ್ನು ಹಿಂಡೇ ಎಲ್ಲಿಂದಲೋ ಹೊತ್ತು ತಂದಿರಬೇಕು. ಆದರೆ ಅದಕ್ಕೆ ಮನೆ ಸಿಕ್ಕಿದ್ದು ಇಲ್ಲಿ, ಈ ತಗ್ಗಿನಲ್ಲಿ ಎಂದರು.

ಮುದುಕ ಇದನ್ನೆಲ್ಲ ಕೇಳಿ, "ಕುರಿ ನೋಡಾಕ ಕರದ್ರ ಹುಳಾ ನೋಡಾಕ ಕುಂತ್ರಲ್ರಿ ಸಾಹೇಬ್ರ," ಎಂದ. ನಗಿಸಬೇಕೆಂದು ಹೇಳಿದ್ದು. ಯಾರೂ ನಗಲಿಲ್ಲ.

ಅಕ್ಕ ಕೇಳಿದಳು, ಯಾವ ಜಾತಿ ಎಂದು. ಡಾಕ್ಟರು ಗುರುತು ಹೇಳಿದರು. ತುದಿ ಮೇಲೆ ಹಿಡಿದರೆ ಬಾಯಿ ಬಲಕ್ಕೆ. ಚಿಪ್ಪು ತೆಳ್ಳಗೆ. ಬಾಯಿ ದೊಡ್ಡದು, ಕಿವಿಯ ಹಾಗೆ. ಮುಚ್ಚಳ ಇರುವುದಿಲ್ಲ. ತಲೆಯ ಮೇಲಿನ ಕೊಂಬು ಉಳಿದವುಗಳಿಗೆ ದಾರದಂತಿದ್ದರೆ ಇದಕ್ಕೆ ಅಗಲಕ್ಕೆ, ಮೂರು ಮೂಲೆಯಾಗಿ ಇರುತ್ತದೆ. ಅವರು ಹುಡುಕುತ್ತಲೇ ಇದ್ದರು. ಅಕ್ಕ ತಾವರೆ ಎಲೆಯ ಪಕ್ಕದಲ್ಲಿ ನೀರಿನ ಮೇಲ್ಮೈಗೆ ಅಂಟಿ ನಡೆಯುತ್ತಿದ್ದ ಒಂದನ್ನು ಬೆರಳಲ್ಲಿ ತೆಗೆದು ಅವರ ಅಂಗೈಯಲ್ಲಿ ಇಟ್ಟಳು.

"ಇದ ಹೌದಲ್ಲರಿ?"

ಡಾಕ್ಟರು ಅದನ್ನು ತಿರುಗಿಸಿ ನೋಡಿ ಹೌದೆಂದರು. ಇಷ್ಟು ಬೇಗ ಹೇಗೆ ಹಿಡಿದಿರಿ ಎಂದು ಆಶ್ಚರ್ಯಪಟ್ಟರು. ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡಳು. ನನ್ನ ಮುಖ ನೋಡಲಿಲ್ಲ.

ಚಕ್ಕಲಿಯ ಮೇಲೂ ಸಂಶಯ ಇದೆ, ಅದೂ ಬೇರೆ ಕೆಲವು ಹುಳಗಳಿಗೆ ಮನೆಯಾಗುತ್ತದೆ ಎಂದು ಅವರು ಮಾತು ಸೇರಿಸಿದರು. ಅಕ್ಕನಿಗೆ ನೆನಪಿಡಲು ಸುಲಭವಾಗಲಿ ಎಂದು ಒಂದೇ ಮಾತಿನಲ್ಲಿ ಹೇಳಿದರು: "ಮುಚ್ಚಳ ಇದ್ದವು ಇರಲಿ. ಇಲ್ಲದವು ಬ್ಯಾಡ." ದಾರಿ ಎರಡಿದ್ದವು. ಒಂದು, ಒಡೆದ ಗೋಡೆಯನ್ನು ಮತ್ತೆ ಕಟ್ಟಿಸಿ ಕುರಿಗಳು ಬರದಂತೆ ಮಾಡುವುದು. ಆಗ ಹೊಂಡ ಇದ್ದಂತೆ ಇರಬಹುದು. ಎರಡನೆಯದು, ಹೊಂಡಕ್ಕೆ ಮೈಲುತುತ್ತ ಹಾಕಿ ಒಳಗಿನದನ್ನೆಲ್ಲ ಕೊಂದು, ನೀರು ಬಳಿದು, ಒಣಗಿಸಿ, ಸುಣ್ಣ ಹಚ್ಚಿ, ಹೊಸ ನೀರು ತುಂಬುವುದು. ಕುರಿಗಳಿಗೆ ಔಷಧದ ಗುಳಿಗೆ ತರಿಸಿಕೊಡುತ್ತೇನೆ, ಎಲ್ಲವೂ ಉಳಿಯುತ್ತವೆ ಎಂದು ಮಾತ್ರ ಹೇಳಲಾರೆ ಎಂದರು.

ನಾನು ಆ ಸಂಜೆ ಅಕ್ಕನಿಗೆ ಗೋಡೆ ಕಟ್ಟಿಸೋಣ ಎಂದೆ. ಅದು ಸರಳವಾಗಿತ್ತು. ಅಕ್ಕ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ, "ಅಕಿ ಹೆಸರಿಲೆ ಇಟ್ಟ ನೀರು ತಮ್ಮಾ. ನಾನ ಇಟ್ಟು ನಾನ ಕಟ್ಲೇನು?" ಎಂದಳು. ಅವಳು ಇಂಥವನ್ನೆಲ್ಲ ನಂಬುವವಳಾಗಿರಲಿಲ್ಲ. ಸಾಲೆಯಲ್ಲಿ ಹುಡುಗಿಯರಿಗೆ ಗ್ರಹಣ ಹೇಗಾಗುತ್ತದೆಂದು ದೀಪ, ಲಿಂಬೆಹಣ್ಣು ಇಟ್ಟು ತೋರಿಸುವವಳು. ಈ ಒಂದು ವಿಷಯದಲ್ಲಿ ನಾನು ವಾದ ಮಾಡಲಿಲ್ಲ. ಇನ್ನೊಂದು ದಾರಿಯನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀರು ಉಳಿದರೆ ಹುಳ ಇಲ್ಲ, ಹುಳ ಉಳಿದರೆ ನೀರು ಇಲ್ಲ. ಎರಡೂ ಮಗಳವು.

ಮರುದಿನ ಅವಳು ಮೂರನೆಯ ದಾರಿ ಹಿಡಿದಳು. ಬೇಡವಾದವನ್ನು ಕೈಯಿಂದಲೇ ಆರಿಸಿ ತೆಗೆಯುತ್ತೇನೆ ಎಂದಳು. ಅದಕ್ಕಿಂತ ಮೊದಲು ಹಟ್ಟಿಗೆ ಹೋಗಿ ಸದ್ಯಕ್ಕೆ ಕುರಿ ತರಬೇಡ ಎಂದು ಹೇಳಿಬರಬೇಕಿತ್ತು. ನಾನೂ ಜೊತೆಗೆ ಹೋದೆ.

ಮುದುಕ ಕಂಬಳಿ ಹಾಸಿ ಕೂರಿಸಿದ. ಅಕ್ಕ ಬಂದ ಕೆಲಸ ಹೇಳುವ ಮುಂಚೆ ಬೇರೆ ಪ್ರಶ್ನೆ ಕೇಳಿದಳು. ನಿನ್ನೆ ಡಾಕ್ಟರ ಮುಂದೆ ನಮ್ಮ ಹೊಂಡದ ಹೆಸರು ಯಾಕೆ ಹೇಳಲಿಲ್ಲ ಎಂದು. ಅವನು ಕೋಲಿನಿಂದ ಮಣ್ಣು ಕೆದರಿದ.

"ಆ ನೀರಿಗೆ ಬಂದ ಮ್ಯಾಲೇ ಹಿಂಡು ಸೊರಗಿದ್ದು ಅಕ್ಕೋರ. ನನ್ನ ಮಗ ಹೋದ ವರ್ಷನ ಹೇಳಿದ್ದ, ಬ್ಯಾರೆ ಕಡಿ ಕುಡಸೂಣು ಅಂತ."

"ಮತ್ತ ಯಾಕ ತಂದಿ ಅಜ್ಜಾ?"

"ಸತ್ತ ಕೂಸಿನ ಹೆಸರಿಲೆ ಇಟ್ಟ ನೀರ್ರಿ. ನೀವು ಬಾಗಲಿಗೆ ಬಂದು ಕರದೀರಿ. ಒಲ್ಲೆ ಅಂತ ಹ್ಯಾಂಗ ಅನ್ನೂದು? ನೀವು ಬ್ಯಾರೆ ದಿನಾ ಕಟ್ಟಿ ಮ್ಯಾಲ ಕುಂತಿರತಿದ್ರಿ."

ಮುದುಕನ ಸೊಸೆ ಹಾಲು ತಂದು ಕೊಟ್ಟಳು. ಅಕ್ಕ ಅದನ್ನು ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು ಎದ್ದಳು. ಹೊಂಡ ಸರಿಯಾಗುವವರೆಗೆ ಬರಬೇಡ, ಸರಿಯಾದ ಮೇಲೆ ನಾನೇ ಬಂದು ಕರೆಯುತ್ತೇನೆ ಎಂದಷ್ಟೇ ಹೇಳಿದಳು. ತಿರುಗಿ ಬರುವಾಗ ದಾರಿಯ ಬದಿಗೆ ಒಂದು ಕುರಿ ಮಂಡಿಯೂರಿ ಮಲಗಿತ್ತು. ಗದ್ದ ನೆಲಕ್ಕೆ ತಾಗಿತ್ತು. ಅಕ್ಕ ನಿಂತು ಅದರ ತಲೆ ಸವರಿದಳು. ಅದು ಏಳಲಿಲ್ಲ.

ಅಲ್ಲಿಂದ ಆರಿಸುವ ಕೆಲಸ ಶುರುವಾಯಿತು. ಸಾಲೆ ಬಿಟ್ಟ ಮೇಲೆ ಬೆಳಕು ಇರುವ ತನಕ ಅಕ್ಕ ನೀರಿಗಿಳಿದಿರುತ್ತಿದ್ದಳು. ನಾನು ಊರಲ್ಲಿದ್ದ ದಿನ ಕಟ್ಟೆಯ ಮೇಲೆ ಕುಳಿತು ಅವಳು ಕೊಟ್ಟದ್ದನ್ನು ಬೇರೆ ಮಾಡುತ್ತಿದ್ದೆ. ಡಾಕ್ಟರು ಹೇಳಿದ ಮೊದಲ ಗುರುತು ನಮ್ಮಲ್ಲಿ ಉಪಯೋಗಕ್ಕೆ ಬರಲಿಲ್ಲ. ತುದಿ ಇದ್ದವೆಲ್ಲ ಬಲಬಾಯಿಯವೇ. ಗೌಡನ ಮರಿಯ ಚಿಪ್ಪೂ ಉಲ್ಟಾ ಮಾಮನಷ್ಟೇ ತೆಳ್ಳಗೆ. ಹಾಗಾಗಿ ಉಳಿದದ್ದು ಮುಚ್ಚಳ ಮತ್ತು ಕೊಂಬು. ಹುಳವನ್ನು ನೀರಿರುವ ತಟ್ಟೆಯಲ್ಲಿ ಬಿಟ್ಟು, ಅದು ತಲೆ ಹೊರಗೆ ಹಾಕುವ ತನಕ ಕಾಯಬೇಕು. ಕಾಯುವುದರಲ್ಲಿ ಅಕ್ಕ ನನಗಿಂತ ಗಟ್ಟಿ. ಅಗಲ ಕೊಂಬು ಕುರಿಯ ಕಿವಿಯ ಹಾಗೆ ಎರಡು ಕಡೆ ಇಳಿಬಿದ್ದಿರುತ್ತಿತ್ತು. ಅದನ್ನು ಕಂಡಾಗ ಅವಳು ಮಗಳಿಟ್ಟ ಹೆಸರು ಹೇಳುತ್ತಿರಲಿಲ್ಲ. "ಇದು ಅದು," ಎನ್ನುತ್ತಿದ್ದಳು. ಉಳಿದವನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಗೌಡ, ಸೀರೆಯವ್ವ, ದಬ್ಬಣ. ಚಕ್ಕಲಿಯ ಹೆಸರೂ ಸ್ವಲ್ಪ ದಿನದಲ್ಲಿ ನಿಂತುಹೋಯಿತು.

ತಾವರೆ ಎಲೆಯ ಅಡಿಗೆ ಲೋಳೆಯಂಥ ತತ್ತಿ ಅಂಟಿರುತ್ತಿತ್ತು. ಯಾವುದರದು ಎಂದು ಗೊತ್ತಾಗದೆ ಅಕ್ಕ ಎರಡು ಗಾಜಿನ ಲೋಟದಲ್ಲಿ ಇಟ್ಟು ಒಡೆಯಲು ಬಿಟ್ಟಳು. ಬಿಲ್ಲೆಯಂಥ ಲೋಳೆಯಿಂದ ಚಕ್ಕಲಿ ಬಂದವು. ಉದ್ದನೆಯ ಲೋಳೆಯಿಂದ ಅವು. ಸಾಸಿವೆಗಿಂತ ಸಣ್ಣಗಿದ್ದಾಗಲೇ ಅವು ಲೋಟದ ನೀರಿನ ಮೇಲ್ಮೈಗೆ ಹತ್ತಿ ತಲೆಕೆಳಗಾಗಿ ನಡೆಯಲು ನೋಡುತ್ತಿದ್ದವು. ಅಕ್ಕ ಆ ಲೋಟವನ್ನು ಕಿಟಕಿಯಲ್ಲಿ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಅದನ್ನು ಕುದಿಯುವ ನೀರಿಗೆ ಸುರಿದಳು.

ಎಲೆ ಕಿತ್ತರೆ ಎಲೆ ಬಂತು, ಎಲೆಯ ಅಡಿಗೆ ತತ್ತಿ ಬಂತು. ಇಟ್ಟಿಗೆಯ ಸಂದಿಯಲ್ಲಿ, ಕಾಲುವೆಯ ಪಾಚಿಯಲ್ಲಿ, ತಗ್ಗಿನ ಕೆಸರಿನಲ್ಲಿ. ಇಂದು ಒಂದೂ ಇಲ್ಲ ಎಂದು ಮಲಗಿದರೆ ನಾಳೆ ಗಾಳಿ ನಿಂತ ಕೂಡಲೇ ನೀರಿನ ಮೇಲ್ಮೈಯಲ್ಲಿ ಅವು ಇರುತ್ತಿದ್ದವು. ಚಳಿ ಕಳೆಯಿತು. ಹಿಂಡಿನಿಂದ ಸುದ್ದಿ ಬರುತ್ತಲೇ ಇತ್ತು. ಗುಳಿಗೆಯಿಂದ ಕೆಲವು ಚೇತರಿಸಿಕೊಂಡವು, ಕೆಲವು ಸತ್ತವು. ನೀರಿಗಾಗಿ ಅವರು ಹಿಂಡನ್ನು ಬಿಸಿಲಲ್ಲಿ ದೂರ ಹೊಡೆದುಕೊಂಡು ಹೋಗಬೇಕಾಗಿತ್ತು. ಸೊರಗಿದ ಕುರಿಗಳಿಗೆ ಆ ನಡಿಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಅಕ್ಕ ನೀರಿನಿಂದ ಮೇಲೆ ಬಂದು ಕಾಲು ಒರೆಸಿಕೊಂಡು, ಡಾಕ್ಟರಿಗೆ ಮೈಲುತುತ್ತ ತರಿಸಲು ಹೇಳು ಎಂದಳು. ಧ್ವನಿ ಬದಲಾಗಿರಲಿಲ್ಲ. ನಾನು ಏನೋ ಹೇಳಲು ಹೋದೆ. "ಆತು," ಎಂದಳು.

ಮೊದಲು ಮುಚ್ಚಳ ಇದ್ದವನ್ನು ಹೊರಗೆ ತೆಗೆದೆವು. ಒಂದೊಂದನ್ನೂ ಮುಟ್ಟಿ, ಬಾಗಿಲು ಹಾಕಿಕೊಂಡದ್ದನ್ನು ನೋಡಿ, ಪಾಚಿ ಉಜ್ಜಿ ತೊಳೆದು, ತತ್ತಿ ಅಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು ಮಡಕೆಗೆ ಹಾಕಿದಳು. ಸಂಶಯ ಬಂದದ್ದನ್ನು ಹೊಂಡಕ್ಕೇ ಬಿಟ್ಟಳು. ಮಡಕೆಗಳನ್ನು ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಹಿಪ್ಪರಗಿಯ ಕಡೆ ಹೋದೆವು. ಕಂಡಕ್ಟರ್ ಏನು ಎಂದು ಕೇಳಿದ. ಅಕ್ಕ, "ಹೊಳಿ ಸಾಮಾನ. ಹೊಳಿಗೆ ಹೊಂಟೈತಿ," ಎಂದಳು. ಕೃಷ್ಣೆಯ ದಂಡೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಮಡಕೆಯನ್ನು ಓರೆ ಮಾಡಿದಳು. ಅವು ಮುಳುಗಿದವು, ಕೆಸರಿನಲ್ಲಿ ಕೂತವು. ಸ್ವಲ್ಪ ಹೊತ್ತಿನ ಮೇಲೆ ಒಂದು ಗೌಡ ಬಾಗಿಲು ತೆರೆದು ಹೊರಟಿತು. ಅದು ಕಾಣದಾಗುವ ತನಕ ನಿಂತಿದ್ದಳು. ಬರುವಾಗ ಖಾಲಿ ಮಡಕೆಗಳನ್ನು ಅಲ್ಲೇ ಬಿಟ್ಟು ಬಂದಳು.

ಮೈಲುತುತ್ತ ಹಾಕುವ ದಿನ ಡಾಕ್ಟರು ಬಂದಿದ್ದರು. ಕುರಿಗೆ ಅದು ವಿಷ, ಈ ನೀರು ಬಯಲಿಗೆ ಹರಿಯಬಾರದು ಎಂದು ಒಡೆದ ಗೋಡೆಗೆ ಮಣ್ಣು ತುಂಬಿಸಿದರು. ಬಟ್ಟೆಯ ಗಂಟಿನಲ್ಲಿ ಮೈಲುತುತ್ತ ಕಟ್ಟಿ, ಕೋಲಿಗೆ ಬಿಗಿದು, ನೀರಲ್ಲಿ ಎಳೆದಾಡಬೇಕು. ಆಳು ಇದ್ದ. ಅಕ್ಕ ಕೋಲು ತಾನೇ ತೆಗೆದುಕೊಂಡಳು. ಗಂಟು ಹೋದ ದಾರಿಯಲ್ಲಿ ನೀಲಿ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಅವಳು ನಾಲ್ಕೂ ದಂಡೆಯ ಮೇಲೆ ನಡೆದು, ಒಂದು ಮೂಲೆಯನ್ನೂ ಬಿಡದೆ, ನೆಲ ಸಾರಿಸುವ ಹಾಗೆ ಎಳೆದಳು. ಗಾಳಿ ಇರಲಿಲ್ಲ. ಮೇಲ್ಮೈಯಲ್ಲಿ ಅವು ಅಲ್ಲಲ್ಲಿ ನಡೆಯುತ್ತಿದ್ದವು. ನೀಲಿ ತಲುಪಿದಲ್ಲಿ ಮೊದಲು ನಿಂತವು. ಆಮೇಲೆ ಹಿಡಿತ ಬಿಟ್ಟು, ಚಿಪ್ಪಿನ ಭಾರಕ್ಕೆ ಒಂದೊಂದಾಗಿ ಕೆಳಗೆ ಇಳಿದವು. ಸದ್ದೇನೂ ಆಗಲಿಲ್ಲ. ಅಕ್ಕ ಕೊನೆಯ ಮೂಲೆಗೆ ಬಂದಾಗ ನೀರಿನ ಮೇಲೆ ತಾವರೆ ಎಲೆ ಬಿಟ್ಟರೆ ಏನೂ ಇರಲಿಲ್ಲ. ಮರುವಾರ ತಾವರೆಯೂ ಕೊಳೆಯಿತು.

ನೀರು ಬಳಿದು ಊರ ಹೊರಗಿನ ಕಲ್ಲುಕ್ವಾರಿಯ ಗುಂಡಿಗೆ ಸುರಿಸಿದೆವು. ಹೊಂಡ ಬೇಸಿಗೆಯುದ್ದಕ್ಕೂ ಒಣಗಿತು. ತಗ್ಗನ್ನು ಅಗೆದು ಮುಚ್ಚಿಸಿದೆವು. ಸುಣ್ಣ ಹಚ್ಚಿಸಿ, ತೊಳೆದು, ಗೋಡೆಗೆ ತುಂಬಿದ್ದ ಮಣ್ಣು ತೆಗೆಸಿ, ಮತ್ತೆ ಬಾವಿಯ ನೀರು ತುಂಬಿದ ಮೇಲೆ ಅಕ್ಕ ಹೇಳಿದಂತೆ ತಾನೇ ಹಟ್ಟಿಗೆ ಹೋಗಿ ಮುದುಕನನ್ನು ಕರೆದಳು.

ಅವನು ಬಂದ. ಹಿಂಡು ಮೊದಲಿನ ಅರ್ಧಕ್ಕಿಂತ ಸಣ್ಣದಾಗಿತ್ತು. ಕುರಿಗಳು ಸುಣ್ಣದ ವಾಸನೆಗೋ ಏನೋ ದೂರವೇ ನಿಂತವು. ಮುನ್ನುಗ್ಗಲು ಮಾಮಲೇದಾರ ಇರಲಿಲ್ಲ. ಅಕ್ಕ ಕಟ್ಟೆಯ ಮೇಲೆ ಕೂರದೆ ಮನೆಯ ಹಿಂಬಾಗಿಲಲ್ಲಿ ನಿಂತಿದ್ದಳು. ಮುದುಕ ಅಂಚುಗಲ್ಲಿಗೆ ಮತ್ತೆ ಭಂಡಾರ ಹಚ್ಚಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಮೊದಲು ತಾನು ಕುಡಿದ. ಗದ್ದದಿಂದ ಇಳಿದ ನೀರನ್ನು ಕಂಬಳಿಯಲ್ಲಿ ಒರೆಸಿಕೊಂಡ. ಆಮೇಲೆ ಒಂದು ಕುರಿಯ ಕಿವಿ ಹಿಡಿದು ತಂದು ನಿಲ್ಲಿಸಿದ. ಅದು ಮೂಸಿ ನೋಡಿ ತಲೆ ಬಗ್ಗಿಸಿತು. ಉಳಿದವು ಬಂದವು.

"ನೀರ ಛಲೋ ಐತ್ರಿ ಅಕ್ಕೋರ," ಎಂದು ಅವನು ಮನೆಯ ಕಡೆಗೆ ಕೂಗಿ ಹೇಳಿದ. "ಕೂಸಿಗೆ ಮುಟ್ಟತೈತಿ."

ಅಕ್ಕ ಕೈಮುಗಿದಳು. ಒಳಗೆ ಬಂದು, ಆ ದಿನದ ಪತ್ರಿಕೆ ಮಡಚಿ ಇಟ್ಟದ್ದನ್ನು ಬಿಚ್ಚಿ, ತಲೆಕೆಳಗು ಮಾಡಿ ನನ್ನ ಮುಂದೆ ಹಿಡಿದಳು. ಹುಡುಗಿ ಹೋದ ಮೇಲೆ ಅದನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

"ಓದು," ಎಂದಳು.

ನಾನು ಓದಿದೆ. ಸೊಲ್ಲಾಪುರದ ಹತ್ತಿಯ ಪೇಟೆಯ ಸುದ್ದಿ, ಅದರ ಕೆಳಗೆ ಧಾರವಾಡದ ಒಂದು ಸಭೆ, ಅದರ ಕೆಳಗೆ ಮಳೆಯ ವಿವರ. ಅಂಕಣ ಮುಗಿಯುವ ತನಕ ಅವಳು ಹಾಳೆ ಕೆಳಗಿಳಿಸಲಿಲ್ಲ. ಅದರ ಹಿಂದೆ ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಹೊರಗೆ ಕುರಿಗಳು ನೀರು ಕುಡಿಯುವ ಸದ್ದು ಕೇಳುತ್ತಿತ್ತು.